ಅತ್ತಿಗೆಯ ಕೈಯ ಚೆಂಡು

"ಗುರುಗಳೇ, ಒಬ್ಬನೇ ಕೂತು ಜಪ ಮಾಡುವಾಗ ನನ್ನ ಮನಸ್ಸು ತಣ್ಣಗಿರುತ್ತದೆ. ಅಡುಗೆಯ ಗುರುಪಾದ ಒಂದು ಕೊಂಕು ಮಾತು ಆಡಿದನೋ, ಎಲ್ಲ ಕದಡಿ ಹೋಗುತ್ತದೆ. ಅವನ ಪಕ್ಕದ ಕೋಣೆ ನನಗೆ ಬೇಡ. ಬೆಟ್ಟದ ಮೇಲಿನ ಗವಿಯಲ್ಲಿರಲು ಅಪ್ಪಣೆ ಕೊಡುತ್ತೀರಾ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೂತುಕೋ ಎಂದು ಕತೆ ಶುರುಮಾಡಿದರು.

ಒಬ್ಬ ಹತ್ತಿ ವ್ಯಾಪಾರಿ. ಅವನ ಮಗಳಿಗೆ ಬೇಸ್‌ಬಾಲಿನ ಹುಚ್ಚು. ಅದು ಕ್ರಿಕೆಟ್ಟಿನ ದಾಯಾದಿ ಆಟ. ಎದುರಿನವಳು ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯಬೇಕು, ಇವಳು ದಾಂಡಿನಿಂದ ಬಾರಿಸಬೇಕು. ಮೂರು ಸಲ ಗಾಳಿಗೆ ಬೀಸಿದರೆ ಆಟ ಮುಗಿಯಿತು. ಜಿಲ್ಲೆಯ ತಂಡ ಸೇರಬೇಕೆಂಬುದೊಂದೇ ಅವಳ ಆಸೆ. ಅಪ್ಪ ಮುದ್ದಿನಿಂದ ಚೆಂಡೆಸೆಯುವ ಯಂತ್ರವನ್ನೇ ತಂದು ಹಿತ್ತಿಲಲ್ಲಿ ನಿಲ್ಲಿಸಿದ. ಎರಡು ಗಾಲಿ ಗರಗರ ತಿರುಗುತ್ತವೆ, ನಡುವೆ ಚೆಂಡು ತುರುಕಿದರೆ ರಪ್ಪನೆ ಉಗುಳುತ್ತದೆ. ವೇಗಕ್ಕೊಂದು ತಿರುಪು, ಎತ್ತರಕ್ಕೊಂದು ತಿರುಪು.

ಮಗಳು ತಿರುಪುಗಳನ್ನು ತನಗೆ ಹಿತವಾದಲ್ಲಿ ನಿಲ್ಲಿಸಿದಳು. ಸೊಂಟದ ಎತ್ತರ, ಹದವಾದ ವೇಗ. ಅಪ್ಪ ಚೆಂಡು ತುರುಕುವನು, ಇವಳು ಬಾರಿಸುವಳು. ಒಂದೂ ತಪ್ಪಲಿಲ್ಲ. ನನ್ನ ಮಗಳನ್ನು ಮೀರಿಸುವವರೇ ಇಲ್ಲ ಎಂದು ಅಪ್ಪ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಹೆತ್ತವರಿಗೆ ಹೆಗ್ಗಣ ಮುದ್ದು, ಇರಲಿ ಬಿಡು.

ಆಯ್ಕೆಯ ದಿನ ಬಂತು. ಎದುರಿನವಳು ಮೊದಲ ಚೆಂಡನ್ನು ಮೊಣಕಾಲಿಗೆ ಎಸೆದಳು, ಇನ್ನೊಂದನ್ನು ಎದೆಯ ಮಟ್ಟಕ್ಕೆ. ಮತ್ತೊಂದು ಬಂದೇ ಬಿಟ್ಟಿತು ಎಂದು ಇವಳು ಬೀಸಿದರೆ ಅದು ಇನ್ನೂ ದಾರಿಯಲ್ಲಿತ್ತು. ಮೂರೂ ಗಾಳಿಗೆ. ಮುಂದಿನ ವರ್ಷ ಒಂದು ಅವಕಾಶವಿದೆ, ಅದು ಹೋದರೆ ವಯಸ್ಸು ಮೀರುತ್ತದೆ ಎಂದರು ಆಯ್ಕೆಗಾರರು. ಹುಡುಗಿ ಮನೆಗೆ ಬಂದು ದಾಂಡು ಬಿಸಾಕಿ ಅತ್ತಳು.

ಆ ಮನೆಯಲ್ಲಿ ಅಣ್ಣನ ಹೆಂಡತಿಯಿದ್ದಳು. ಅವಳಿಗೂ ಇವಳಿಗೂ ಎಣ್ಣೆ ಸೀಗೆಕಾಯಿ. ಒಬ್ಬಳು ಏರಿಗೆಳೆದರೆ ಇನ್ನೊಬ್ಬಳು ನೀರಿಗೆ. ಹೇಳಿ ಎಸೆಸಿಕೊಂಡ ಚೆಂಡನ್ನು ಯಾರು ಬೇಕಾದರೂ ಹೊಡೆದಾರು ಎಂದು ಅತ್ತಿಗೆ ಪಾತ್ರೆ ತೊಳೆಯುತ್ತ ಇವಳಿಗೆ ಕೇಳಿಸುವ ಹಾಗೆಯೇ ಅಂದಳು. ಹುಡುಗಿಗೆ ಮೈಯೆಲ್ಲ ಉರಿಯಿತು. ಉರಿ ಆರಿದ ಮೇಲೆ ಮಾತು ನಿಜವೆಂದು ತೋರಿತು. ಮರುದಿನ ಹೋಗಿ ಅತ್ತಿಗೆಯ ಎದುರು ನಿಂತಳು.

"ಅತ್ತಿಗೆ, ತಿರುಪು ಇನ್ನು ನಿಮ್ಮ ಕೈಯಲ್ಲಿ. ನನ್ನ ಮೇಲಿರುವ ಸಿಟ್ಟನ್ನೆಲ್ಲ ಅದರಲ್ಲೇ ತೀರಿಸಿಕೊಳ್ಳಿ."

"ಆಮೇಲೆ ಅಪ್ಪನ ಹತ್ತಿರ ಹೋಗಿ ಅಳಬಾರದು ಮತ್ತೆ," ಎಂದು ಅತ್ತಿಗೆ ಸೆರಗು ಸಿಕ್ಕಿಸಿದಳು.

ಸಿಕ್ಕಿಸಿದವಳು ಸುಮ್ಮನಿದ್ದಾಳೆಯೇ? ಯಾವ ತಿರುಪು ತಿರುಗಿತೆಂದು ಕಾಣಬಾರದೆಂದು ಯಂತ್ರದ ಮುಂದೆ ಹಳೇ ಸೀರೆ ಕಟ್ಟಿದಳು, ಚೆಂಡು ಬರುವಷ್ಟು ಮಾತ್ರ ಸಂದು ಬಿಟ್ಟು. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಬಿರುಸು, ಒಮ್ಮೆ ನಿಧಾನ. ಹುಡುಗಿ ಬೀಸಿ ಮುಗ್ಗರಿಸಿದರೆ ಸೀರೆಯ ಹಿಂದಿನಿಂದ ನಗು. ಬೆಳಿಗ್ಗೆ ಸಾರಿಗೆ ಉಪ್ಪಿಲ್ಲವೆಂದು ನಾದಿನಿ ಮೂಗು ಮುರಿದಿದ್ದರೆ ಆ ದಿನದ ಚೆಂಡಿನ ಬಿರುಸೇ ಬೇರೆ. ಹುಡುಗಿಯ ಮೈ ಕಂದಿತು, ಅಂಗೈ ಬೊಬ್ಬೆಯೆದ್ದಿತು. ಆದರೂ ಅವಳು ಮಾರನೆಯ ದಿನ ತಾನೇ ಹೋಗಿ ಅತ್ತಿಗೆಯನ್ನು ಕರೆತರುತ್ತಿದ್ದಳು. ಬರಬರುತ್ತ ದಾಂಡಿಗೆ ಚೆಂಡು ತಾಗಿತು, ಆಮೇಲೆ ತಾಗುತ್ತಲೇ ಹೋಯಿತು. ಇದ್ದಬದ್ದ ಕಿತಾಪತಿಯೆಲ್ಲ ಮುಗಿದು ಅತ್ತಿಗೆಯೇ ಸುಸ್ತಾಗಿ ಕೂತಳು.

ಮತ್ತೆ ಆಯ್ಕೆಯ ದಿನ. ಎಸೆಯಲು ನಿಂತವಳೂ ಹೋದ ವರ್ಷ ಎಸೆದವಳೇ. ಮೊಣಕಾಲಿಗೆ ಬಂದದ್ದನ್ನು ಇವಳು ಎತ್ತಿ ಬಾರಿಸಿದಳು. ಎದೆಗೆ ಬಂದದ್ದನ್ನು ಹಿಂದೆ ಸರಿದು ಬಾರಿಸಿದಳು. ಆ ನಿಧಾನದ ಚೆಂಡೂ ಬಂತು. ಇವಳು ಕಾದಳು, ಇನ್ನೂ ಕಾದಳು, ಬೀಸಿದಳು. ಚೆಂಡು ಬೇಲಿ ದಾಟಿ, ಬೇಲಿಯಾಚೆಯ ಹುಣಸೆಮರವನ್ನೂ ದಾಟಿ ಹೋಯಿತು! ಬಯಲಿಗೆ ಬಯಲೇ ಎದ್ದು ನಿಂತಿತು. ಮಾವ ಪಕ್ಕದಲ್ಲಿದ್ದಾನೆಂಬುದನ್ನೂ ಮರೆತು ಅತ್ತಿಗೆ ಬಾಯಲ್ಲಿ ಬೆರಳಿಟ್ಟು ಶಿಳ್ಳೆ ಹೊಡೆದಳು. ಜಿಲ್ಲೆಯ ತಂಡಕ್ಕೆ ಮೊದಲು ಕೂಗಿದ್ದೇ ವ್ಯಾಪಾರಿಯ ಮಗಳ ಹೆಸರು. ಅವಳು ಕೈಚಾಚಿ ನಿಂತ ಅಪ್ಪನನ್ನು ದಾಟಿ ಓಡಿ ಅತ್ತಿಗೆಯನ್ನು ಅಪ್ಪಿಕೊಂಡಳು.

ಮರುಳಯ್ಯ ಹಿಗ್ಗಿಹೋದ. "ಎಂಥ ಪುಣ್ಯವಂತೆ ಗುರುಗಳೇ, ಮನೆಯಲ್ಲೇ ಅಂಥ ಅತ್ತಿಗೆ ಸಿಕ್ಕಿದಳಲ್ಲ!" ಎಂದ.

"ನಿನ್ನ ಅತ್ತಿಗೆ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದಾನೆ, ಹೋಗಿ ಪಕ್ಕದಲ್ಲಿ ಕೂತುಕೋ," ಎಂದರು ಗುರುಗಳು.