ಸರಸರಯ್ಯನ ಪುಕ್ಕಟೆ ಮದ್ದು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಿಸ್ಬೇಕು. ಕಾರೆಗಿರಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಮುದ್ದುಭೂಪ ಅಂತ ಒಬ್ಬ ರಾಜ. ಅವನಿಗೆ ನಾಗಲಾಂಬೆ ಅಂತ ಒಬ್ಬಳು ರಾಣಿ. ರಾಜನಿಗೆ ಒಂದು ಸಿಂಹಾಸನ ಇತ್ತು, ಒಂದು ಆನೆ ಇತ್ತು, ಒಂದು ಕಂಪ್ಯೂಟರ್ ಇತ್ತು. ಸಿಂಹಾಸನದ ಮೇಲೆ ರಾಜ ಕೂರ್ತಿದ್ದ. ಆನೆ ಮೇಲೂ ರಾಜನೇ ಕೂರ್ತಿದ್ದ. ಕಂಪ್ಯೂಟರ್ ಮುಂದೆ ಮಾತ್ರ ರಾಣಿ ಕೂರ್ತಿದ್ಲು.

ಯಾಕಂದ್ರೆ ದೊಡ್ಡ ಕೆರೆಯ ನೀರು ಯಾವತ್ತು ಯಾವ ಊರಿಗೆ ಅನ್ನೋ ಸರದಿಯೆಲ್ಲ ಅದರೊಳಗೇ ಇತ್ತು. ಬೆಳಗಾದ್ರೆ ರಾಣಿ ನೋಡಿ ಹೇಳಬೇಕು, ಆಮೇಲೆ ಕೆರೆಯ ತೂಬು ಎತ್ತಬೇಕು. ಒಂದು ದಿನ ತಪ್ಪಿತೋ, ಮೇಲೂರಿನವರೂ ಕೆಳಗೂರಿನವರೂ ಗುದ್ದಲಿ ಹಿಡ್ಕೊಂಡು ಕೆರೆ ಏರಿ ಮೇಲೆ ಎದುರುಬದುರು ನಿಲ್ತಿದ್ರು.

ಬರ್ತಾ ಬರ್ತಾ ಆ ಕಂಪ್ಯೂಟರ್ ನಿಧಾನ ಆಯ್ತು. ರಾಣಿ ಗುಂಡಿ ಒತ್ತಿ, ಸ್ನಾನ ಮಾಡಿ, ಜಡೆ ಹಾಕ್ಕೊಂಡು ಬಂದ್ರೂ ಅದಿನ್ನೂ ಕಣ್ಣು ಬಿಡ್ತಾ ಇರ್ತಿತ್ತು.

"ರೀ, ನಿಮ್ಮ ಮೀಸೆ ಫೋಟೋಗಳೇ ಅದರ ಹೊಟ್ಟೆ ತುಂಬಾ ಇವೆ" ಅಂದ್ಲು ರಾಣಿ. "ಎಡಗಡೆಯಿಂದ ತೆಗೆಸಿದ್ದು, ಬಲಗಡೆಯಿಂದ ತೆಗೆಸಿದ್ದು, ಎಣ್ಣೆ ಹಚ್ಚಿದ್ದು, ಹಚ್ಚದೆ ಇದ್ದದ್ದು. ಅರ್ಧ ಅಳಿಸಿದ್ರೂ ಸಾಕು, ಎದ್ದು ಓಡುತ್ತೆ."

"ರಾಜನ ಮೀಸೆ ಅಳಿಸೋದಾ!" ರಾಜ ಮುನಿಸಿಕೊಂಡ. "ನಾನು ಬೇರೆ ಮದ್ದು ಹುಡುಕಿಸ್ತೀನಿ."

ಡಂಗುರ ಹೊಡೆಸಿದ. ಡಂಗುರ ಕೇಳಿ ಸರಸರಯ್ಯ ಅನ್ನೋನು ಬಂದ. ಹೆಗಲಿಗೆ ರೇಷ್ಮೆ ಚೀಲ, ಚೀಲದೊಳಗೆ ಲ್ಯಾಪ್‌ಟಾಪ್, ಕೊರಳಲ್ಲಿ ಹಾರದ ಹಾಗೆ ಪೋಣಿಸಿದ ಪೆನ್‌ಡ್ರೈವ್‌ಗಳು.

"ಮಹಾಪ್ರಭು, ನನ್ನ ಸಾಫ್ಟ್‌ವೇರ್ ಹಾಕಿ ನೋಡಿ, ನಿಮ್ಮ ಕಂಪ್ಯೂಟರ್ ಕುದುರೆ ಆಗುತ್ತೆ. ರೋಗ ಇಲ್ಲದವರು ಕುಡಿದ್ರೂ ಇನ್ನೂ ಗಟ್ಟಿ ಆಗೋ ಅಂಥ ಮದ್ದು ಇದು. ಪೂರ್ತಿ ಪುಕ್ಕಟೆ!"

ಪುಕ್ಕಟೆ ಅಂದಿದ್ದೇ ತಡ, ರಾಜ ಸಿಂಹಾಸನ ಬಿಟ್ಟು ಇಳಿದೇ ಬಂದ.

ಸರಸರಯ್ಯ ಮೊದಲು ಕಸ ಗುಡಿಸೋ ಸಾಫ್ಟ್‌ವೇರ್ ಹಾಕಿದ. 'ನಿಮ್ಮ ಕಂಪ್ಯೂಟರಿಗೆ ಸಾವಿರ ರೋಗ' ಅಂತ ಕೆಂಪಕ್ಷರ ಬಂತು. ಕಸ ಹೋಯ್ತೋ ಇಲ್ವೋ ಗೊತ್ತಿಲ್ಲ, ಬೋಳುತಲೆಗೆ ಹಚ್ಚೋ ಎಣ್ಣೆ ಜಾಹೀರಾತು ಮಾತ್ರ ಬಂದು ಕೂತ್ಕೊಂಡಿತು. ರಾಣಿ ನೀರಿನ ಸರದಿ ನೋಡೋಕೆ ಹೋದ್ರೆ ಎಣ್ಣೆ. ಅದನ್ನ ಮುಚ್ಚಿದ್ರೆ ಇನ್ನೊಂದು ಎಣ್ಣೆ.

"ಅದಕ್ಕೂ ಮದ್ದಿದೆ, ಅದೂ ಪುಕ್ಕಟೆ" ಅಂತ ಸರಸರಯ್ಯ ವೇಗ ಹೆಚ್ಚಿಸೋ ಸಾಫ್ಟ್‌ವೇರ್ ಹಾಕಿದ. ಎಣ್ಣೆಯವರ ಜತೆಗೆ ಇಸ್ಪೀಟಿನವರು ಬಂದ್ರು, ವಶೀಕರಣದವರು ಬಂದ್ರು. ಆಮೆ ಹಾಗಿದ್ದ ಕಂಪ್ಯೂಟರ್ ಬಸವನಹುಳು ಆಯ್ತು.

"ರೀ, ಇಲ್ಲಿಗೆ ಸಾಕು ಮಾಡಿ" ಅಂದ್ಲು ರಾಣಿ.

"ಔಷಧಿ ಅರ್ಧಕ್ಕೆ ಬಿಡಬಾರದು ಕಣೇ" ಅಂದ ರಾಜ.

ಮೂರನೇದು ಕಾವಲು ಕಾಯೋ ಸಾಫ್ಟ್‌ವೇರ್. ಚೆನ್ನಾಗೇ ಕಾಯ್ತು. ರಾಣಿಯನ್ನೇ ಒಳಗೆ ಬಿಡಲಿಲ್ಲ! ಸರದಿಗೂ ಬೀಗ, ಮೀಸೆಗೂ ಬೀಗ.

ಸರಸರಯ್ಯ ವಿನಯವಾಗಿ ಕೈ ಮುಗಿದ. "ಹಾಕೋದು ಪುಕ್ಕಟೆ ಮಹಾಪ್ರಭು. ಬೀಗ ತೆಗೆಯೋದೂ ಪುಕ್ಕಟೆ ಅಂತ ನಾನು ಯಾವಾಗ ಅಂದೆ? ಅದಕ್ಕೆ ಅರ್ಧ ರಾಜ್ಯ ಆಗುತ್ತೆ."

ಅಷ್ಟರಲ್ಲಿ ಕೆರೆ ಕಾಯೋನು ಏದುಸಿರು ಬಿಡ್ತಾ ಓಡಿ ಬಂದ. "ರಾಣಿಯಮ್ಮಾ, ಎರಡೂ ಊರಿನವರು ಏರಿ ಮೇಲೆ ಸೇರಿದಾರೆ. ಇವತ್ತು ನೀರು ಯಾರದು ಅಂತ ಹೇಳದೆ ಇದ್ರೆ ತಲೆ ಒಡೆಯುತ್ತೆ!"

ರಾಜನ ಮೀಸೆ ಇಳಿಬಿತ್ತು. ಹೋದ ವರ್ಷ ಇದೇ ಜಗಳದಲ್ಲಿ ಒಬ್ಬ ಕಾಲು ಕಳ್ಕೊಂಡಿದ್ದನ್ನ ರಾಣಿ ಕಣ್ಣಾರೆ ನೋಡಿದ್ಲು. ಗಂಡನ ಮೇಲೂ ಕೆಂಡದಂಥ ಸಿಟ್ಟು ಬಂತು. ಆದ್ರೂ ನುಂಗಿಕೊಂಡು ನಕ್ಕಳು.

"ಅರ್ಧ ರಾಜ್ಯ ತಾನೇ ಅಯ್ಯನವರೇ, ಕೊಡೋಣ. ಆದ್ರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಅಡುಗೆಯವನು ರಾಜನಿಗೆ ಏನೇ ಬಡಿಸಿದ್ರೂ ಮೊದಲು ತಾನೊಂದು ತುತ್ತು ತಿಂದು ತೋರಿಸ್ಬೇಕು. ನಮ್ಮನೆಯವರು ಆತುರದಲ್ಲಿ ಮರೆತುಬಿಟ್ರು. ನೀವು ಆ ಮೂರು ಮದ್ದನ್ನೂ ನಿಮ್ಮ ಲ್ಯಾಪ್‌ಟಾಪಿಗೆ ಹಾಕಿ ತೋರಿಸಿ. ಆ ಗಳಿಗೆಯಲ್ಲೇ ರಾಜಮುದ್ರೆ ಒತ್ತಿಸ್ತೀನಿ."

ಸರಸರಯ್ಯನ ನಗು ಅರ್ಧಕ್ಕೇ ನಿಂತಿತು. "ನನ್ನದಕ್ಕೆ ರೋಗ ಇಲ್ಲ ತಾಯಿ."

"ರೋಗ ಇಲ್ಲದವರು ಕುಡಿದ್ರೆ ಇನ್ನೂ ಗಟ್ಟಿ ಆಗ್ತಾರೆ ಅಂತ ನೀವೇ ಹೇಳಿದ್ರಲ್ಲ."

"ಈಗ... ಈಗ ರಾಹುಕಾಲ."

"ಅದು ಆಗಲೇ ಮುಗೀತು."

"ಚಾರ್ಜ್ ಇಲ್ಲ ತಾಯಿ!"

"ಯಾರಲ್ಲಿ! ಅಯ್ಯನವರಿಗೆ ಚಾರ್ಜರ್ ತನ್ನಿ."

ಚಾರ್ಜರ್ ಬಂತು. ಸರಸರಯ್ಯ ಬೆವರು ಒರೆಸ್ಕೊಂಡ. ರಾಣಿ ಅವನ ಕೊರಳಿನಿಂದ ಕಾವಲು ಸಾಫ್ಟ್‌ವೇರ್ ಇದ್ದ ಆ ಮೂರನೇ ಪೆನ್‌ಡ್ರೈವ್ ಕಿತ್ಕೊಂಡು, "ನಿಮಗ್ಯಾಕೆ ಶ್ರಮ, ನಾನೇ ಹಾಕ್ತೀನಿ" ಅಂತ ಬಗ್ಗಿದ್ಲು.

ಅವನು ಕಾವಿಗೆ ಕೂತ ಕೋಳಿ ಹಾಗೆ ಲ್ಯಾಪ್‌ಟಾಪಿನ ಮೇಲೆ ಬೋರಲು ಬಿದ್ದ. "ಬೇಡ ತಾಯೀ! ಅದನ್ನ ಹಾಕಿದ್ರೆ ನನ್ನದೆಲ್ಲ ಕೆಟ್ಟು ಕೆರ ಹಿಡಿಯುತ್ತೆ!"

ಇಡೀ ಸಭೆ ಕೇಳಿಸ್ಕೊಂಡಿತು. ರಾಜನೂ ಕೇಳಿಸ್ಕೊಂಡ.

"ನಮ್ಮದಕ್ಕೆ ಹಾಕುವಾಗ ಈ ಮಾತು ಎಲ್ಲಿ ಹೋಗಿತ್ತೋ?" ರಾಣಿಯ ದನಿಯಲ್ಲೀಗ ಬಹುವಚನ ಇರಲಿಲ್ಲ. "ನಮ್ಮ ಬೀಗ ತೆಗಿ. ಹಾಕಿದ್ದನ್ನೆಲ್ಲ ಕಿತ್ತು ಹಾಕು. ಇಲ್ಲದಿದ್ರೆ ಇದನ್ನ ಚುಚ್ಚಿಬಿಡ್ತೀನಿ."

ಸರಸರಯ್ಯ ಬೀಗ ತೆಗೆದ, ಹಾಕಿದ್ದನ್ನೆಲ್ಲ ಕಿತ್ತ. ಎಣ್ಣೆಯವರು ಹೋದ್ರು, ಇಸ್ಪೀಟಿನವರು ಹೋದ್ರು, ವಶೀಕರಣದವರೂ ಹೋದ್ರು. ಅವತ್ತಿನ ನೀರು ಕೆಳಗೂರಿನದು ಅಂತ ಗೊತ್ತಾಯ್ತು. ಕೆರೆ ಕಾಯೋನು ಓಡಿಹೋಗಿ ತೂಬು ಎತ್ತಿದ. ಮೇಲೂರಿನವರು ಗೊಣಗ್ತಾ ಮನೆಗೆ ಹೋದ್ರು, ಒಂದು ತಲೆಯೂ ಒಡೀಲಿಲ್ಲ. ರಾಜ ಪೆಚ್ಚುಮೋರೆ ಹಾಕ್ಕೊಂಡು ತಾನೇ ಕೂತು ಫೋಟೋ ಅಳಿಸಿದ. ಒಂದೊಂದಕ್ಕೂ ನಿಟ್ಟುಸಿರು ಬಿಟ್ಟ.

ಸರಸರಯ್ಯ ಅದೇ ರಾಜ್ಯದಲ್ಲಿ ಇನ್ನೂ ಎಷ್ಟೋ ಮನೆಗಳ ಕಂಪ್ಯೂಟರ್‌ಗಳನ್ನ ಹೀಗೇ ಕೆಡಿಸಿದ್ದ. ರಾಣಿ ಅವನನ್ನ ಸೆರೆಗೆ ಹಾಕಿಸಲಿಲ್ಲ. ಇಬ್ಬರು ಭಟರ ಮಧ್ಯೆ ಬಿಸಿಲಲ್ಲಿ ನಡೆಸಿ, ಮನೆಮನೆಗೂ ಹೋಗಿ ಹಾಕಿದ್ದನ್ನೆಲ್ಲ ಕಿತ್ತು, ಹೊಸಿಲಾಚೆ ನಿಂತು ತಪ್ಪಾಯ್ತು ಅಂತ ಕೈ ಮುಗಿದು ಬಾ ಅಂತ ಕಳಿಸಿದ್ಲು.

ತಿಳೀತಾ ಮಕ್ಕಳೇ? ಪುಕ್ಕಟೆ ಕೊಡೋರೆಲ್ಲ ಕಳ್ಳರಲ್ಲ, ಒಳ್ಳೇ ಮನಸ್ಸಿನಿಂದ ಕೊಡೋರೂ ಇದಾರೆ. ಆದ್ರೆ ಯಾರು ಏನೇ ಕೊಟ್ರೂ, ಅದನ್ನ ಅವರು ತಮ್ಮನೇಲೂ ಬಳಸ್ತಾರಾ ಅಂತ ಮೊದಲು ಕೇಳಿ. ಆಮೇಲೆ ಕೈ ಚಾಚಿ.