ತೊರೆಗಳ ಬಾಯಿ ಕಟ್ಟಿದ ದುಂಡಣ್ಣ

ಮಕ್ಕಳೇ, ಗುಡ್ಡದ ನೆತ್ತಿಯಿಂದ ಒಂದು ಪುಟ್ಟ ಹೊಳೆ ಇಳಿದು ಬರುತ್ತಿತ್ತು. ಎಷ್ಟು ಪುಟ್ಟದೆಂದರೆ, ಬೆಳಿಗ್ಗೆ ಅದರಲ್ಲಿ ಬಿದ್ದ ಎಲೆ ಸಂಜೆಯೊಳಗೆ ಕಡಲು ಸೇರುತ್ತಿತ್ತು. ಆ ಹೊಳೆಯ ನಡುವಿನ ಆಳವಾದ ಮಡುವಿನಲ್ಲಿ ದುಂಡಣ್ಣ ಎಂಬ ನೀರುನಾಯಿ ಹೆಂಡತಿ ಮರಿಗಳೊಡನೆ ವಾಸವಾಗಿದ್ದ. ಹೊಳೆಯೆಲ್ಲ ತನ್ನದೇ ಎಂಬ ಜಂಬ ಅವನಿಗೆ.

ಸುತ್ತಲಿನ ಕಾಡಿನಿಂದ ಸಣ್ಣಪುಟ್ಟ ತೊರೆಗಳು ಬಂದು ಮಡುವಿಗೆ ಸೇರುತ್ತಿದ್ದವು. ಜೊತೆಗೆ ತರಗೆಲೆ, ಕೆಸರು!

"ಥೂ, ನನ್ನ ಮಡುವನ್ನೆಲ್ಲ ಗಲೀಜು ಮಾಡ್ತಾವೆ!" ಎಂದು ದುಂಡಣ್ಣ ಕಲ್ಲುಮಣ್ಣು ಒಟ್ಟಿ ಒಂದೊಂದೇ ತೊರೆಯ ಬಾಯಿ ಕಟ್ಟತೊಡಗಿದ.

ತೊರೆಯಲ್ಲಿದ್ದ ಮುದಿ ಏಡಿ ಕೆಂಚಜ್ಜಿ ಗಡಿಬಿಡಿಯಿಂದ ಬಂದಳು. "ಏನಪ್ಪಾ ಇದು? ಈ ನೀರು ಮಡುವಿಗೆ ಬೇಡವೇ?"

"ಈ ತೊಟ್ಟು ನೀರು ಯಾರಿಗೆ ಬೇಕಜ್ಜಿ? ಗುಡ್ಡದ ಮೇಲೆ ನನ್ನ ಹೊಳೆಗೆ ದೊಡ್ಡ ಬುಗ್ಗೆಯೇ ಇದೆ!"

"ನೀನು ನೋಡಿದ್ದೀಯಾ?"

"ನೋಡೋದೇನು? ಇರಲೇಬೇಕು!"

ಕೆಲವೇ ದಿನಗಳಲ್ಲಿ ಮಡು ಬತ್ತತೊಡಗಿತು. ಒಂದು ಬೆಳಿಗ್ಗೆ ಈಜಲು ಹಾರಿದ ಮರಿಗಳು ಕೆಸರಿನಲ್ಲಿ ಹೂತುಕೊಂಡು ಚೀರಿದವು. ದುಂಡಣ್ಣ ಓಡಿ ಬಂದ. ಹೇಗೋ ಅವನ್ನು ಎಳೆದು ದಡಕ್ಕೆ ಹಾಕಿ, "ಯಾವನೋ ಬುಗ್ಗೆಗೆ ಅಡ್ಡ ಕೂತಿದ್ದಾನೆ! ನೋಡ್ಕೊಳ್ತೀನಿ!" ಎಂದು ಗುಡ್ಡ ಹತ್ತಿದ.

ನೆತ್ತಿಯಲ್ಲಿ ಒಂದು ಬಂಡೆ. ಅದರ ಬಿರುಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಕಪ್ಪೆ ಬಾಯಿ ತೆರೆದು ಕೂತಿತ್ತು.

"ಏಯ್, ಹೊಳೆಯ ಬುಗ್ಗೆ ಎಲ್ಲಿ?"

"ಇದೇ ಅಣ್ಣಾ! ಬೇಕಾದರೆ ನೀನೂ ಒಂದು ಹನಿ ಕುಡಿ."

ದುಂಡಣ್ಣ ಕಕ್ಕಾಬಿಕ್ಕಿಯಾಗಿ ಕೆಳಗೆ ನೋಡಿದ. ಎಲ್ಲ ಇಳಿಜಾರುಗಳೂ ಹೊಳೆಯ ಕಡೆಗೇ ಬಾಗಿದ್ದವು. ಒಂದೊಂದರ ಬುಡದಲ್ಲೂ ಒಂದೊಂದು ತೊರೆ. ಆದರೆ ಅವನು ಕಟ್ಟಿದ ಕಡೆಯೆಲ್ಲ ನೀರು ದಾರಿ ಕಾಣದೆ ಕಾಡಿನೊಳಗೆ ಹರಡಿ ನಿಂತಿತ್ತು.

"ಅಯ್ಯೋ, ಅಡ್ಡ ಕೂತವನು ನಾನೇ!"

ಎದ್ದೆನೋ ಬಿದ್ದೆನೋ ಎಂದು ಇಳಿದು ಬಂದ. "ಅಜ್ಜೀ, ತಪ್ಪಾಯ್ತು! ಒಂದು ಕೈ ಕೊಡಿ!"

"ನನಗೆ ಇರೋದೇ ಕೊಂಡಿ, ತಗೋ!" ಎಂದು ಕೆಂಚಜ್ಜಿ ನಗುತ್ತಾ ಮಣ್ಣು ಕೆದರಿದಳು. ದುಂಡಣ್ಣ ಕಲ್ಲು ಉರುಳಿಸಿದ. ತೊರೆಗಳು ಒಂದರ ಹಿಂದೊಂದು ಭೋರೆಂದು ನುಗ್ಗಿದವು. ಮಡು ತುಂಬಿತು. ಮರಿಗಳು ಕೇಕೆ ಹಾಕುತ್ತಾ ದುಂಬಾಲು ಬಿದ್ದು ಕೆಂಚಜ್ಜಿಯನ್ನೂ ನೀರಾಟಕ್ಕೆ ಎಳೆದುಕೊಂಡವು.

ನೀತಿ: ಸಣ್ಣವರೆಂದು ಯಾರನ್ನೂ ದೂರ ಮಾಡಬಾರದು, ಅವರೆಲ್ಲ ಸೇರಿದರೇ ನಾವು ದೊಡ್ಡವರು.