ನೀರುಗಂಟಿ ಜವರ ತಂದ ಕಹಿ ಎಲೆ

ನನಗೆ ಕತೆ ಹೇಳಿ ರೂಢಿಯಿಲ್ಲ. ಎಲ್ಲಿ ಮುಗ್ಗರಿಸಿದೆನೋ ಅಲ್ಲಿ ನೀವೇ ತಿದ್ದಿಕೊಳ್ಳಬೇಕು. ಅರ್ಥವಾಗಲಿಲ್ಲವೇನೋ ಎಂಬ ಹೆದರಿಕೆಗೆ ನಡುನಡುವೆ ಬಿಡಿಸಿ ಹೇಳಿದರೆ ಬೇಸರಪಡಬಾರದು. ಕತೆ ಡಂಗುರದಿಂದ ಶುರುವಾಗುತ್ತದೆ.

"ಕೇಳ್ರಪ್ಪೋ ಕೇಳಿ! ಅರಸು ಸಿಂಗರಾಯರ ಮುಖ ಊದಿದೆ, ಕಾಲು ಊದಿದೆ, ಕಾರಣ ತಿಳಿಯದು. ರಾಕ್ಷಸಿ ಬೆಟ್ಟದ ಕಹಿ ಎಲೆ ತಂದವರಿಗೆ ಕೇಳಿದ್ದು ಸಿಕ್ಕುತ್ತದೆ. ರಾಕ್ಷಸಿ ಮೂರು ಒಗಟು ಹಾಕುತ್ತಾಳೆ. ತಪ್ಪಿದವರನ್ನು ನುಂಗುತ್ತಾಳೆ. ಹೋಗುವವರು ಮನೆಯವರಿಗೆ ಹೇಳಿ ಹೋಗಿ!"

ಜವರ ಅದನ್ನು ಕೆರೆ ಏರಿಯ ಮೇಲೆ ನಿಂತು ಕೇಳಿದ. ಅವನು ನೀರುಗಂಟಿ, ಅಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಅರಸನ ಊತ ಕೇಳಿ ಅವನು ಮನೆಯತ್ತ ನಡೆದ. ಅವನವ್ವ ಚಿಕ್ಕತಾಯಮ್ಮನ ಕಾಲೂ ಹಾಗೇ ಊದಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು.

"ಹೋಗ್ಬ್ಯಾಡ ಕಣ್ಲಾ," ಅಂದಳು ಅವ್ವ. "ನನ್ನ ಕಾಲು ಊದಿದ್ರೆ ಊದ್ಲಿ. ನೀನಿದ್ರೆ ಸಾಕು."

"ನೀನಿಲ್ದಿದ್ರೆ ನಾನಿದ್ದು ಏನವ್ವ ಮಾಡ್ಲಿ?" ಎಂದು ಜವರ ಹೊರಟ.

ಬೆಟ್ಟದ ಗವಿಯ ಮುಂದೆ ಅವನಿಗಿಂತ ಮೊದಲೇ ಇಬ್ಬರು ಬಂದಿದ್ದರು. ಒಬ್ಬ ಪಕ್ಕದ ಸೀಮೆಯ ಯುವರಾಜ, ಇನ್ನೊಬ್ಬ ಆಸ್ಥಾನದ ಪಂಡಿತ. ಗವಿಯೊಳಗಿಂದ ಹಸಿ ಮೂಳೆಯ ನಾತ ಬರುತ್ತಿತ್ತು. ರಾಕ್ಷಸಿ ಹೊರಗೆ ಬಂದಳು. ಅವಳ ನೆರಳು ಬಿದ್ದಲ್ಲಿ ಹಕ್ಕಿಗಳು ಸುಮ್ಮನಾದವು.

"ಹಿಂದೆ ಕೇಳಿದವರಿಗೆಲ್ಲ ಎಲೆ ಕೊಟ್ಟೆ," ಅಂದಳು. "ಕೊಡೋ ಬಗೆ ಅರಿಯದವರು ರೋಗಿಗಳನ್ನ ಕೊಂದು, ಪಾಪ ನನ್ನ ತಲೆಗೆ ಕಟ್ಟಿದರು. ಅದಕ್ಕೇ ಈ ಒಗಟು. ಮೊದಲನೆಯದು ಕೇಳಿ. ಮನೆಗೆ ಜರಡಿ ಎರಡು, ಹಗಲೂ ರಾತ್ರಿ ಕೊಳೆ ಸೋಸುತ್ತವೆ. ಹಾಯುವ ನೀರಿನ ರಭಸ ಹೆಚ್ಚಿದರೆ ಹರಿದು ತೂತಾಗುತ್ತವೆ. ನೋವಿಲ್ಲ, ಸದ್ದಿಲ್ಲ, ನೊರೆಯೊಂದೇ ಗುರುತು. ಯಾವುವು?"

"ಕಣ್ಣುಗಳು!" ಎಂದ ಯುವರಾಜ, ಮೀಸೆ ತಿರುವುತ್ತ. "ಎರಡಿವೆಯಲ್ಲ, ಮತ್ತೇನು?"

ಮೀಸೆಯಿಂದ ಕೈ ಇಳಿಯುವಷ್ಟರಲ್ಲಿ ಯುವರಾಜನೇ ಇರಲಿಲ್ಲ. ಅವನ ಒಂದು ಎಕ್ಕಡ ಮಾತ್ರ ಉಳಿದಿತ್ತು.

ಪಂಡಿತ ರುಮಾಲು ಸರಿಮಾಡಿಕೊಳ್ಳುತ್ತ, "ಮೂತ್ರಪಿಂಡಗಳು" ಅಂದ. ಅದು ಸರಿಯುತ್ತರ. ಅವ್ವನ ಉಚ್ಚೆಯಲ್ಲಿ ಸೀಗೆ ಕಿವುಚಿದಂತೆ ನೊರೆ ಕಂಡಿದ್ದ ಜವರನೂ ಅದನ್ನೇ ಹೇಳಿದ.

"ಎರಡನೆಯದು. ರಕ್ತದ ರಭಸ ತಗ್ಗಿಸಲು ಒಬ್ಬನನ್ನು ಮನೆಗೆ ಕರೆದಿರಿ. ಅವನು ಬಂದ ಮೊದಲ ವಾರಗಳಲ್ಲಿ ಜರಡಿಯ ಕೆಲಸ ಕೊಂಚ ನಿಧಾನವಾಯಿತು, ಕೊಳೆ ಕೊಂಚ ಹೆಚ್ಚಿತು. ಅವನು ಶತ್ರುವೋ, ಮಿತ್ರನೋ?"

"ಕೊಳೆ ಹೆಚ್ಚಿಸಿದವನು ಶತ್ರುವೇ," ಎಂದ ಪಂಡಿತ. "ತಕ್ಷಣ ಆಚೆ ಹಾಕಬೇಕು."

ರಾಕ್ಷಸಿ ಬಾಯಿ ತೆರೆದಳು. ಜವರ ಕಣ್ಣು ಮುಚ್ಚಿಕೊಂಡ. ತೆರೆದಾಗ ಪಂಡಿತನ ರುಮಾಲು ಗಾಳಿಗೆ ಸುರುಳಿ ಬಿಚ್ಚುತ್ತಿತ್ತು.

"ನೀನೇನ್ಲಾ ಅಂತೀಯಾ?"

ಜವರನಿಗೆ ತಿಳಿದಿದ್ದುದು ಕೆರೆಯೊಂದೇ. "ಅಜ್ಜೀ, ಕೆರೆ ತುಂಬಿ ಏರಿ ಬಿರುಕು ಬಿಡುವಾಗ ನಮ್ಮಪ್ಪ ಹಿಂದಲ ಕೋಡಿ ತೆಗೆದು ಹೆಚ್ಚಿನ ನೀರು ಆಚೆ ಬಿಡ್ತಿದ್ದ. ಕಾಲುವೆ ನೀರು ಸಣ್ಣಗಾಗೋದು. ಊರೋರು 'ನೀರುಗಂಟಿ ನಮ್ಮ ಗದ್ದೆ ಒಣಗಿಸ್ದ' ಅಂತ ಬಯ್ಯೋರು. ಆದ್ರೆ ಏರಿ ಉಳೀತಿತ್ತು. ಅಪ್ಪ ದಿನಾ ಹೋಗಿ ಕಾಲುವೆ ನೀರಿನ ಗುರುತುಗಲ್ಲು ನೋಡ್ತಿದ್ದ. ನೀರು ಕೊಂಚ ಇಳಿದ್ರೆ ಕೋಡಿ ಹಾಗೇ ಇರ್ಲಿ ಅನ್ನೋನು. ತೀರಾ ಇಳಿದ್ರೆ ಮುಚ್ಚಿ, ಏನಾಯ್ತು ಅಂತ ಹುಡುಕೋನು. ಅವನು ಮಿತ್ರನೇ ಕಣಜ್ಜಿ. ಕಣ್ಣಿಟ್ಟು ನೋಡ್ತಿರಬೇಕಾದ ಮಿತ್ರ."

ರಾಕ್ಷಸಿ ಬಾಗಿ ಅವನ ಕತ್ತಿನ ಬಳಿ ಮೂಸಿದಳು. ಅವಳ ಉಸಿರು ಬಿಸಿ ಬೂದಿಯಂತಿತ್ತು. "ಮೂರನೆಯದು. ಆ ಮಿತ್ರನನ್ನು ಬಾಗಿಲಾಚೆಯೇ ನಿಲ್ಲಿಸಬೇಕಾದ ದಿನ ಯಾವುದು?"

ಜವರನಿಗೆ ಏನೂ ಹೊಳೆಯಲಿಲ್ಲ. ಹಬ್ಬದ ದಿನವೇ? ಅಮಾವಾಸ್ಯೆಯೇ? ಅವಳ ನಾಲಿಗೆ ಅವನ ಕಿವಿ ಸವರಿತು. ಕಾಲಡಿಯಲ್ಲಿ ಯಾರದೋ ಪಕ್ಕೆಲುಬು ಲಟಕ್ಕೆಂದಿತು. ಇನ್ನು ಅವ್ವನಿಗೆ ಯಾರು ದಿಕ್ಕು ಎಂದು ಗಂಟಲು ಒಣಗಿತು. ಒಣಗಿದ ಗಂಟಲಿನಿಂದಲೇ ಮಾತು ಹೊರಬಿತ್ತು.

"ಬತ್ತಿದ ದಿನ ಅಜ್ಜೀ! ಕೆರೆ ಬತ್ತಿದಾಗ ಯಾವ ನೀರುಗಂಟಿನೂ ಕೋಡಿ ತೆಗೆಯಲ್ಲ. ಆ ಮಿತ್ರ ನಿನ್ನ ಎಲೆಯೇ; ವಾಂತಿ ಭೇದಿಯಾಗಿ ಮೈಯ ನೀರೆಲ್ಲ ಹೋದ ದಿನ ಎಲೆ ನಿಲ್ಲಿಸ್ಬೇಕು. ಮೈಗೆ ನೀರು ಬಂದ ಮೇಲೆ ಮತ್ತೆ ಶುರು ಮಾಡ್ಬೇಕು."

ರಾಕ್ಷಸಿ ಹಿಂದೆ ಸರಿದು, ಎಲೆಯ ಗೊಂಚಲು ಅವನ ಮಡಿಲಿಗೆ ಹಾಕಿದಳು. "ಓಡು. ನನಗಿನ್ನೂ ಹಸಿವಿದೆ."

ಅವನು ಓಡಿದ. ಅರ್ಧ ಎಲೆ ಅರಮನೆಗೆ, ಅರ್ಧ ಅವ್ವನಿಗೆ ಕೊಟ್ಟ. ಅರಸ ಅವನಿಗೆ ಕೆರೆಯ ಕೆಳಗಿನ ಗದ್ದೆ ಕೊಟ್ಟು, ಎಲೆ ಕೊಡುವ ಕೆಲಸವನ್ನೂ ಒಪ್ಪಿಸಿದ. ಅರಸನ, ಅವ್ವನ ಊತ ಇಳಿಯಿತು, ನೊರೆ ಕಡಿಮೆಯಾಯಿತು. ಪೂರಾ ವಾಸಿಯಾಯಿತು ಎಂದು ಸುಳ್ಳು ಹೇಳಲಾರೆ. ಹರಿದ ಜರಡಿಯನ್ನು ಆ ಎಲೆ ಮತ್ತೆ ನೇಯುವುದಿಲ್ಲ, ಹರಿಯುತ್ತಿರುವುದನ್ನು ನಿಧಾನ ಮಾಡುತ್ತದೆ, ಅಷ್ಟೆ. ಆದರೂ ಅವ್ವ ತಾನೇ ಎದ್ದು ರಾಗಿ ಬೀಸುವಷ್ಟಾದಳು.

ಇನ್ನು ಉತ್ತರಗಳನ್ನು ಬಿಡಿಸಿ ಹೇಳಿಬಿಡುತ್ತೇನೆ. ಮೂತ್ರಪಿಂಡಕ್ಕೆ ರಕ್ತ ಬರಲು ಒಂದು ದಾರಿ, ಹೋಗಲು ಒಂದು ದಾರಿ. ಎಲೆ ಹೋಗುವ ದಾರಿಯನ್ನು ಅಗಲ ಮಾಡುತ್ತದೆ, ಅದಕ್ಕೇ ಒಳಗಿನ ಒತ್ತಡ ಇಳಿಯುತ್ತದೆ. ಮೊದಲು ಕೊಳೆ ಕೊಂಚ ಏರುವುದೂ ಅದಕ್ಕೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೈ ಬತ್ತಿದಾಗ ರಭಸ ಮೊದಲೇ ಕುಗ್ಗಿರುತ್ತದೆ. ಆಗಲೂ ಎಲೆ ಕೊಟ್ಟರೆ ಜರಡಿಗೆ ರಕ್ತವೇ ಸಾಲದೆ, ಅದು...

ತಡೆಯಿರಿ, ಒಳಗಿಂದ ನನ್ನ ಹೆಂಡತಿ ಕೂಗುತ್ತಿದ್ದಾಳೆ.

"ರೀ, ಬೇಗ ಬನ್ನಿ! ಅತ್ತೆ ಬೆಳಗ್ಗೆಯಿಂದ ವಾಂತಿ ಮಾಡ್ಕೋತಾನೇ ಇದ್ದಾರೆ. ಬಿಪಿ ಮಾತ್ರೆ ಕೈಯಲ್ಲೇ ಹಿಡ್ಕೊಂಡಿದೀನಿ, ಕೊಟ್ಬಿಡ್ಲಾ?"

"ಬೇಡ, ಇರು! ಡಾಕ್ಟರಿಗೆ ಫೋನ್ ಮಾಡೋವರೆಗೂ ಕೊಡಬೇಡ, ಬಂದೆ..."